ಕಣ್ಣಕ್ಕನ ಬಿಳಿ

ಜನವರಿ 9, ಶುಕ್ರವಾರ

ಒಂಬತ್ತಕ್ಕೆ ಕತ್ತಲೆ ಕೋಣೆ. ಬಿಳಿ ನೋಡಿದೆ. ಹನ್ನೊಂದಕ್ಕೆ ಟೀ. ಮತ್ತೆ ಬಿಳಿ. ಊಟ ಆದ ಮೇಲೆ ಮತ್ತದೇ.

ಇಪ್ಪತ್ತೆಂಟು ವರ್ಷದಿಂದ ಟಿವಿ ಕಂಪನಿಯಲ್ಲಿ ಬಿಳಿ ನೋಡೋದೇ ಕೆಲಸ ಅಂದ್ರೆ ಯಾರೂ ನಂಬಲ್ಲ. ಎಡಗಡೆ ಹಳೇ ಮಾಸ್ಟರ್ ಸೆಟ್ — ಅದರ ಬಿಳಿಯೇ ನಮ್ಮೆಲ್ಲರಿಗೂ ಬಿಳಿ. ಬಲಗಡೆ ಹೊಸ ಸೆಟ್. ಎರಡೂ ಒಂದೇ ಥರ ಕಾಣೋವರೆಗೂ ಕೆಂಪು, ಹಸಿರು, ನೀಲಿ ನಾಬ್ ತಿರುಗಿಸಬೇಕು. ನಾನು ಸರಿ ಅಂದ್ರೆ ಸರಿ. ಅದಕ್ಕೇ ಎಲ್ಲರೂ ಕಣ್ಣಕ್ಕ ಅಂತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ.

ಈ ಸಲದ್ದು ಲೇಸರ್. ಗೋಡೆ ಬುಡದಲ್ಲಿ ಒಂದು ಪೆಟ್ಟಿಗೆ, ಗೋಡೆ ಮೇಲೆ ಪರದೆ, ಒಂದಾಳುದ್ದದ ಚಿತ್ರ. ಪೆಟ್ಟಿಗೆಯೊಳಗೆ ಮೂರು ಲೇಸರ್. ಈ ಕೆಂಪನ್ನ ನಾನು ಯಾವ ಸೆಟ್‌ನಲ್ಲೂ ನೋಡಿರಲಿಲ್ಲ. ನಿಜ, ಮೊದಲ ದಿನ ಬೆಪ್ಪಾಗಿ ನೋಡ್ತಾ ಕೂತಿದ್ದೆ. ಈಗ ಮೂರು ತಿಂಗಳಾಯ್ತು. ಬೆನ್ನು ನೋಯುತ್ತೆ, ಅಷ್ಟೇ.

ನೀಲಿ 61ಕ್ಕೆ ಬಿಟ್ಟು ಬಂದೆ.

ಜನವರಿ 14, ಬುಧವಾರ

ಮಿಣುಕಪ್ಪನ ಜೊತೆ ಜಟಾಪಟಿ.

ಲೇಸರ್ ಪೆಟ್ಟಿಗೆ ಅವನ ಕೂಸು. ಆರು ವರ್ಷದ ದುಡಿಮೆ. ಲೇಸರ್ ಬೆಳಕು ಪರದೆ ಮೇಲೆ ಬಿದ್ರೆ ಸಣ್ಣ ಮರಳು ಚೆಲ್ಲಿದ ಹಾಗೆ ಮಿಣಮಿಣ ಅನ್ನುತ್ತೆ. ಆ ಮಿಣುಕು ಅಳಿಸೋದಕ್ಕೇ ನಾಲ್ಕು ವರ್ಷ ಹೆಣಗಾಡಿದ. ಅದಕ್ಕೇ ಆ ಹೆಸರು. ಅಳಿಸಿದ ಮೇಲೂ ಹೆಸರು ಅಳಿಸಲಿಲ್ಲ.

ಕೋಣೆಗೆ ಬಂದವನು ಕತ್ತಲಿಗೆ ಕಣ್ಣು ಹೊಂದೋವರೆಗೂ ಬಾಗಿಲ ಹತ್ರವೇ ನಿಂತ. ಆಮೇಲೆ, "ಕಣ್ಣಕ್ಕಾ, ಇದು ಬಿಳಿನಾ?"

"ಇನ್ನೇನು?"

"ನೀಲಿ ಹೊಡೀತಿದೆ. ಆಸ್ಪತ್ರೆ ಗೋಡೆ ಥರ."

"ನಿನ್ನ ಕಣ್ಣು ತೋರಿಸ್ಕೋ ಹೋಗು."

ನಕ್ಕ. ಪರದೆಗೆ ಬಣ್ಣ ಅಳೆಯೋ ಮೀಟರ್ ಇಟ್ಟ. ಮೀಟರ್ 53 ಸಾಕು ಅಂತು. ನಾನು ಹೇಳಿದೆ — ಮನೇಲಿ ಕೂತು ಟಿವಿ ನೋಡೋದು ಮೀಟರ್ ಅಲ್ಲಪ್ಪ, ಮನುಷ್ಯರು. ಈ ಮಾತು ನಾನು ಎಷ್ಟು ಸಲ ಹೇಳಿದೀನೋ. ನಮ್ಮ ವಿಭಾಗದ ಚೀಫ್‌ಗೆ ಬಹಳ ಇಷ್ಟದ ಮಾತು, ಮೀಟಿಂಗ್‌ನಲ್ಲಿ ತಮ್ಮದೇ ಅನ್ನೋ ಹಾಗೆ ಹೇಳ್ತಾರೆ.

ಮಿಣುಕಪ್ಪ ಮೀಟರ್ ಎತ್ಕೊಂಡು ಹೋದ. ಹೋಗೋವಾಗ ಇನ್ನೊಂದು ಸಲ ಪರದೆ ಕಡೆ ತಿರುಗಿದ. ಆ ನೋಟ ಸೇರಲಿಲ್ಲ ನನಗೆ.

ಜನವರಿ 22, ಗುರುವಾರ

ನಮ್ಮ ಮನೆಯವರಿಗೆ ಶಾಲೆ ಯೂನಿಫಾರಂ ಆರ್ಡರ್ ಬಂದಿದೆ. ಮುಂದಿನ ಕೋಣೆ ತುಂಬ ಗಾಢ ನೀಲಿ ಬಟ್ಟೆ. ಕೂರೋದಕ್ಕೆ ಜಾಗ ಇಲ್ಲ. ನಲವತ್ತು ವರ್ಷದಿಂದ ಟೈಲರ್, ಈಗಲೂ ಬಾಯಲ್ಲಿ ಗುಂಡುಸೂಜಿ ಇಟ್ಕೊಂಡೇ ಮಾತಾಡ್ತಾರೆ.

ಸಂಜೆ ಮಿಷನ್ ಬಿಟ್ಟು ಏಳದೆ, "ಲೇ, ಆ ನೀಲಿ ದಾರದ ಉಂಡೆ ಕೊಡೇ" ಅಂದ್ರು. ಕೊಟ್ಟೆ. ನೋಡಿದ್ರು. ಎದ್ದು ಹೋಗಿ ತಾವೇ ಬೇರೆ ತಗೊಂಡ್ರು.

"ಯಾಕೆ, ಅದಕ್ಕೇನಾಯ್ತು?"

"ಏನಿಲ್ಲ. ಅದು ಸ್ವಲ್ಪ ಲಡ್ಡು ದಾರ, ಕಿತ್ತೋಗುತ್ತೆ."

ಸರಿ ಅಂತ ಒಲೆ ಕಡೆ ಹೋದೆ. ತಲೆನೋವು. ಕತ್ತಲೆ ಕೋಣೆಯಿಂದ ಬಂದ ದಿನ ಹೀಗೇ, ಬೀದಿ ದೀಪಗಳ ಸುತ್ತ ಮಂಜು ಮಂಜಾಗಿ ಕಾಣುತ್ತೆ. ವಯಸ್ಸು ಐವತ್ತೇಳು. ಇನ್ನೇನು ಆಗಬೇಕು.

ಜನವರಿ 30, ಶುಕ್ರವಾರ

ಜಗಳ ಬಗೆಹರಿಸೋಕೆ ಚೀಫ್ ಒಂದು ದಾರಿ ಹುಡುಕಿದ್ರು. ಹನ್ನೆರಡು ಜನ ಕರೆದು ಒಬ್ಬೊಬ್ಬರನ್ನೇ ಕೂರಿಸಿ, ನೀಲಿ ನಾಬ್ ಕೈಗೆ ಕೊಡೋದು. ಮಾಸ್ಟರ್‌ಗೆ ಸರಿಹೊಂದೋವರೆಗೂ ಅವರೇ ತಿರುಗಿಸಲಿ. ಯಾರು ಎಷ್ಟಕ್ಕೆ ನಿಲ್ಲಿಸಿದ್ರು ಅಂತ ನಾನು ಬರ್ಕೋಬೇಕು.

ಲೆಕ್ಕದ ವಿಭಾಗದ ಇಬ್ಬರು, ಡ್ರೈವರ್, ಕ್ಯಾಂಟೀನ್ ಹೆಂಗಸು, ಗೇಟಿನ ವಾಚ್‌ಮನ್, ಹೊಸದಾಗಿ ಸೇರಿದ ಇಂಜಿನಿಯರುಗಳು... ಕ್ಯಾಂಟೀನ್‌ನಾಕೆ ಕೂತ ತಕ್ಷಣ, "ಅಯ್ಯೋ ಎರಡೂ ಬಿಳಿನೇ ಅಲ್ವಾ, ಇದರಲ್ಲೇನು ನೋಡೋದು" ಅಂದ್ಲು. ಆಮೇಲೆ ಹತ್ತು ನಿಮಿಷ ಏಳಲೇ ಇಲ್ಲ. ಹೊರಗೆ ಹೋಗ್ತಾ, "ಇನ್ಮೇಲೆ ನಮ್ಮನೆ ಗೋಡೆ ನೋಡಿದ್ರೂ ಅನುಮಾನ ಬರುತ್ತೆ ನನಗೆ."

49. 50. 50. 51. 51. 52. 52. 53. 54. 55. ಡ್ರೈವರ್ 57. ವಾಚ್‌ಮನ್ 60.

ವಾಚ್‌ಮನ್ 60 ಅಂದಾಗ ಜೀವ ಬಂದ ಹಾಗಾಯ್ತು. ನೋಡಿ, ಒಬ್ಬರಾದ್ರೂ ಇದ್ದಾರೆ ಅಂದೆ. ಅವರಿಗೆ ವಯಸ್ಸು ಅರವತ್ಮೂರು.

(ಆಮೇಲೆ ಸೇರಿಸಿದ ಸಾಲು: ಆವಾಗಲೇ ಹೊಳೀಬೇಕಿತ್ತು.)

ಫೆಬ್ರವರಿ 6, ಶುಕ್ರವಾರ

ಮೀಟಿಂಗ್. ವರದಿಯ ಮೊದಲ ಕರಡು. ನನ್ನ 61 ಅನ್ನೇ ಸರಿಯಾದ ಗುರುತು ಅಂತ ಇಟ್ಟು, ಉಳಿದವರು ಅದರಿಂದ ಎಷ್ಟು ದೂರ ಅಂತ ಅಳೆದಿದ್ದಾರೆ. ಸರಾಸರಿ ಎಂಟು. ನಾಲ್ಕು ದಾಟಿದ್ರೆ ಸೆಟ್ ಪಾಸಾಗಲ್ಲ.

ಯಾಕೆ ಹೀಗೆ ಅಂತ ಚೀಫ್ ಕೇಳಿದ್ರು. ಮಿಣುಕಪ್ಪ ಬೋರ್ಡ್ ಮೇಲೆ ಬರೆದು ಹೇಳಿದ. ಹಳೇ ಸೆಟ್‌ಗಳ ನೀಲಿ ಅಂದ್ರೆ ಹಲವು ನೀಲಿಗಳ ಗುಂಪು. ಒಬ್ಬರ ಕಣ್ಣಿಗೆ ಒಂದು ಕಮ್ಮಿ ಬಿದ್ರೂ ಉಳಿದವು ಸರಿದೂಗಿಸ್ತವೆ. ಲೇಸರ್ ನೀಲಿ ಸೂಜಿ ಥರ, ಒಂದೇ ಒಂದು ನೀಲಿ. ಅದು ಯಾರ ಕಣ್ಣಿಗೆ ಎಷ್ಟು ಹತ್ತುತ್ತೋ ಅಷ್ಟೇ. ಹಾಗಾಗಿ ಒಂದೇ ಬಿಳಿ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣಬಹುದು. "ಇದು ಲೇಸರ್‌ನ ಹುಟ್ಟುಗುಣ" ಅಂದ. ಅಪರಾಧಿ ಥರ ನಿಂತಿದ್ದ.

"ಅಂದ್ರೆ ಯಾರದ್ದೂ ತಪ್ಪಲ್ಲ?" ಚೀಫ್.

"ಯಾರದ್ದೂ ಅಲ್ಲ ಸರ್."

"ತಪ್ಪಿಲ್ಲದೆ ಫೇಲ್ ಆಗೋ ಸೆಟ್ ಮಾರೋದು ಹೇಗಯ್ಯಾ? ಅತ್ತ ಮಾಮೂಲಿ ಪ್ಯಾನೆಲ್ ಟಿವಿ ವರ್ಷ ವರ್ಷ ಅಗಲ ಆಗ್ತಿದೆ, ಅಗ್ಗ ಆಗ್ತಿದೆ. ನಾವು ಬಣ್ಣ ಚೆಂದ ಅಂತಾನೇ ಗೆಲ್ಲಬೇಕು. ಆ ಬಣ್ಣದಲ್ಲೇ ಮನೆಯವರೆಲ್ಲ ಒಪ್ಪಲ್ಲ ಅಂದ್ರೆ?"

ಎಲ್ಲರೂ ಕರಡಿನ ಹಾಳೆ ತಿರುವಿದ್ರು. ನನಗೆ ಮಾತ್ರ ಒಳಗೊಳಗೇ ಹಗುರ. ಯಾರದ್ದೂ ತಪ್ಪಲ್ಲ. ಅವನೇ ಹೇಳಿದನಲ್ಲ.

ಫೆಬ್ರವರಿ 7, ಶನಿವಾರ

ಅರ್ಧ ದಿನ. ಎಲ್ಲರೂ ಹೋಗಿದ್ರು. ಸುಮ್ಮನೆ ಕೂತೆ ಪರದೆ ಮುಂದೆ. ಬಲಗಣ್ಣಿಗೆ ಧೂಳು ಹೋಯ್ತು, ಉಜ್ಜಿಕೊಂಡೆ. ಎಡಗಣ್ಣು ಮಾತ್ರ ತೆರೆದಿತ್ತು.

ಪರದೆ ಬದಲಾಯ್ತು.

ಬಲಗಣ್ಣು ತೆರೆದೆ, ಎಡ ಮುಚ್ಚಿದೆ. ಮತ್ತೆ ಬದಲಾಯ್ತು.

ಒಂದೊಂದೇ ಕಣ್ಣಲ್ಲಿ ನಾಬ್ ತಿರುಗಿಸಿದೆ. ಎಡಕ್ಕೆ 59. ಬಲಕ್ಕೆ 64. ಮೂರು ಸಲ ಮಾಡಿದೆ. ಅದೇ.

ನಾಬ್ ಬಿಟ್ಟೆ. ಇದು ಲೇಸರ್‌ನ ಹುಟ್ಟುಗುಣ, ಒಬ್ಬೊಬ್ಬರಿಗೆ ಒಂದೊಂದು ಥರ... ನಾನು ಒಬ್ಬಳೇ ಅಲ್ವಾ?

ಫೆಬ್ರವರಿ 25, ಬುಧವಾರ

ಬರೆಯೋಕೆ ಮನಸ್ಸಿರಲಿಲ್ಲ ಇಷ್ಟು ದಿನ.

ಇವತ್ತು ರಜೆ ಹಾಕಿ ಕಣ್ಣಿನ ಡಾಕ್ಟರ್ ಹತ್ರ ಹೋದೆ. ಮನೇಲಿ ಇವರ ಹತ್ರ ಬ್ಯಾಂಕಲ್ಲಿ ಕೆಲಸ ಇದೆ ಅಂತ ಸುಳ್ಳು ಹೇಳಿದೆ. ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಔಷಧಿ ಬಿಟ್ರು, ಗಲ್ಲ ಇಡಿ, ಮೇಲೆ ನೋಡಿ, ಕೆಳಗೆ ನೋಡಿ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ, "ಎರಡರಲ್ಲೂ ಪೊರೆ ಇದೆಯಮ್ಮ. ಬಲಗಡೆ ಜಾಸ್ತಿ. ಕಣ್ಣೊಳಗಿನ ಲೆನ್ಸ್ ಹಳದಿ ತಿರುಗಿದೆ, ಜೇನುತುಪ್ಪದ ಬಣ್ಣ."

"ಅಕ್ಷರ ಎಲ್ಲ ಸರಿಯಾಗಿ ಓದಿದೆನಲ್ಲ ಡಾಕ್ಟ್ರೇ?"

"ಓದ್ತೀರಿ. ಆಕಾರ ಗೊತ್ತಾಗುತ್ತೆ. ಬಣ್ಣ ಮಾತ್ರ ಮೋಸ ಮಾಡುತ್ತೆ, ಅದರಲ್ಲೂ ನೀಲಿ. ನೀಲಿ ಬೆಳಕನ್ನ ಅದೇ ತಡೆಯೋದು. ಗಾಬರಿ ಬೇಡ, ಎಲ್ಲರಿಗೂ ಬರೋದೇ. ಆಪರೇಷನ್‌ಗೆ ಅವಸರ ಇಲ್ಲ... ಏನ್ ಕೆಲಸ ನಿಮ್ಮದು?"

"ಆಫೀಸ್ ಕೆಲಸ" ಅಂದೆ.

ಎಷ್ಟು ದಿನದಿಂದ ಹೀಗಿರಬಹುದು ಅಂತ ಕೇಳಿದ್ದಕ್ಕೆ, ಮೂರು ನಾಲ್ಕು ವರ್ಷ ಇರಬಹುದು, ನಿಧಾನಕ್ಕೆ ಬರೋದ್ರಿಂದ ಯಾರಿಗೂ ಗೊತ್ತಾಗಲ್ಲ ಅಂದ್ರು. ಯಾರಿಗೂ. ಗೊತ್ತಾಗಲಿ ಅಂತಾನೇ ನನ್ನನ್ನ ಅಲ್ಲಿ ಕೂರಿಸಿದ್ದು.

ಬಸ್ಸಿಗೆ ಕಾಯದೆ ನಡೆದೇ ಬಂದೆ. ಔಷಧಿಯಿಂದ ಬಿಸಿಲೆಲ್ಲ ಕಣ್ಣಿಗೆ ನುಗ್ತಿತ್ತು.

ಫೆಬ್ರವರಿ 27, ಶುಕ್ರವಾರ

ಹೇಳಲಿಲ್ಲ.

ಹೇಳಬೇಕು ಅಂತಾನೇ ಚೀಫ್ ಕೋಣೆಗೆ ಹೋದೆ. ಅವರು ಫೋನಿನಲ್ಲಿದ್ರು. ನನ್ನ ಕಡೆ ಕೈ ಮಾಡಿ ಕೂರಿ ಅಂದ್ರು. ಫೋನಿಗೆ, "ಇಲ್ಲ ಸರ್, ವರದಿ ಮಾರ್ಚ್ 10ಕ್ಕೆ ಕೊಡ್ತೀವಿ... ಅಳತೆ ಬಗ್ಗೆ ಅನುಮಾನವೇ ಬೇಡ, ನಮ್ಮಲ್ಲಿ ಒಂದು ಕಣ್ಣಿದೆ, ಇಪ್ಪತ್ತೆಂಟು ವರ್ಷದ ಕಣ್ಣು" ಅಂತ ನನ್ನ ನೋಡಿ ನಕ್ರು.

ರಜೆ ಅರ್ಜಿ ಬಗ್ಗೆ ಏನೋ ಕೇಳಿ ಎದ್ದು ಬಂದೆ.

ನೆಪಗಳು ಬಹಳ ಇವೆ. ಲೇಸರ್ ಅಂದ್ರೆ ಹಾಗೇ. ವಾಚ್‌ಮನ್‌ಗೂ 60 ಅಲ್ವಾ. ವಯಸ್ಸಾದವರೂ ಟಿವಿ ನೋಡ್ತಾರಲ್ಲ. ಒಂದೂ ಸುಳ್ಳಲ್ಲ. ಅದೇ ತೊಂದರೆ.

ಮಾರ್ಚ್ 4, ಬುಧವಾರ

ಕ್ಯಾಂಟೀನ್‌ನಲ್ಲಿ ಮಿಣುಕಪ್ಪ ಸಿಕ್ಕ. ಗಡ್ಡ ಬೋಳಿಸಿಲ್ಲ. ಟೀ ಮೇಲೆ ಕೆನೆ ಕಟ್ಟಿದೆ, ಕುಡಿದಿಲ್ಲ. ಎದುರು ಕೂತೆ.

"ಮನೆಗೆ ಹೋಗಲ್ವೇನೋ ನೀನು?"

"ಹೋಗ್ತೀನಿ, ಬರ್ತೀನಿ. ಮಗಳು ನಿನ್ನೆ ಅಂಕಲ್ ಅಂದ್ಲು."

ನಗೋಕೆ ನೋಡಿದೆ. ಬರಲಿಲ್ಲ.

ಬೇರೆ ನೀಲಿ ಲೇಸರ್ ಹುಡುಕ್ತಿದ್ದಾನಂತೆ, ಬಣ್ಣದಲ್ಲಿ ಒಂದು ಚೂರು ಆಚೆಗಿರೋದು. ಅದು ಬಿಸಿ ತಡೆಯಲ್ಲ, ಎರಡು ತಿಂಗಳಿಗೇ ಮಂಕಾಗುತ್ತಂತೆ. ಇವತ್ತು ಒಂದು ಸುಟ್ಟೇ ಹೋಯ್ತು. ಹತ್ತನೇ ತಾರೀಕಿನೊಳಗೆ ಎಂಟನ್ನ ನಾಲ್ಕಕ್ಕೆ ತರಲಾಗದಿದ್ರೆ ಯೋಜನೆ ಮುಚ್ಚುತ್ತಾರೆ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರಂತೆ. ಅವನ ತಂಡದಲ್ಲಿ ಮೂವತ್ತೊಂದು ಜನ.

"ಕಣ್ಣಕ್ಕಾ, ಆವತ್ತು ಆಸ್ಪತ್ರೆ ಗೋಡೆ ಥರ ಅಂತ ಹೀಯಾಳಿಸಿದೆ. ತಪ್ಪಾಯ್ತು. ನಿಮ್ಮ ಕಣ್ಣಿನ ಮೇಲೆ ಅನುಮಾನಪಟ್ಟೆ. ತಪ್ಪು ನನ್ನ ಡಬ್ಬದಲ್ಲೇ ಇತ್ತು."

ನನ್ನ ಟೀ ಅಲ್ಲೇ ಬಿಟ್ಟು ಎದ್ದೆ. ಕೈ ತೊಳೆಯೋ ಜಾಗಕ್ಕೆ ಹೋಗಿ ನಲ್ಲಿ ಬಿಟ್ಕೊಂಡು ನಿಂತೆ.

ಮಾರ್ಚ್ 5, ಗುರುವಾರ

ಇವರಿಗೆ ಹೇಳಿದೆ. ಸಂಜೆ, ಕಾಜಾ ಹಾಕ್ತಾ ಕೂತಿದ್ರು.

"ನನ್ನ ಕಣ್ಣಲ್ಲಿ ಪೊರೆ ಬಂದಿದೆಯಂತೆ."

ಸೂಜಿ ನಿಲ್ಲಿಸಲಿಲ್ಲ. "ಡಾಕ್ಟರ್ ಹತ್ರ ಹೋದೆಯಾ ಕೊನೆಗೂ."

"ಕೊನೆಗೂ ಅಂದ್ರೆ? ನಿಮಗೆ ಗೊತ್ತಿತ್ತಾ?"

"ಪೊರೆ ಅಂತ ಗೊತ್ತಿರಲಿಲ್ಲ. ಏನೋ ಆಗಿದೆ ಅಂತ ಗೊತ್ತಿತ್ತು. ಹೋದ ವರ್ಷ ಕರಿ ಗುಂಡಿ, ನೀಲಿ ಗುಂಡಿ ಬೆರಕೆ ಮಾಡಿಟ್ಟಿದ್ದೆಯಲ್ಲ ಡಬ್ಬಿಯಲ್ಲಿ. ಆಮೇಲೆ ನಾನೇ ನೋಡ್ಕೋತಿದ್ದೆ."

"ಹೋದ ವರ್ಷ! ಬಾಯಿ ಬಿಟ್ಟು ಹೇಳಬಾರದಿತ್ತೇನ್ರೀ?"

ಆಗ ಸೂಜಿ ನಿಂತಿತು. "ಹೇಳಿದ್ರೆ ಒಪ್ತಿದ್ದೆಯಾ ನೀನು? ಊರಿಗೆಲ್ಲ ಕಣ್ಣಾಗಿರೋಳಿಗೆ ನಿನ್ನ ಕಣ್ಣು ಸರಿಯಿಲ್ಲ ಅಂತ ಟೈಲರ್ ಹೇಳಬೇಕಾ?"

ಜಗಳ ಆಡಬೇಕು ಅನ್ನಿಸ್ತು. ಆಡೋಕೆ ತ್ರಾಣ ಇರಲಿಲ್ಲ. ಆಫೀಸಿನದ್ದೆಲ್ಲ ಹೇಳಿದೆ — 61, ಎಂಟು, ಹತ್ತನೇ ತಾರೀಕು, ಮಿಣುಕಪ್ಪನ ಟೀ. ಕೇಳಿಸ್ಕೊಂಡ್ರು. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

"ಹೇಳಿದ್ರೆ ಆ ಕುರ್ಚಿ ಹೋಗುತ್ತೆ ಕಣ್ರೀ. ಆ ಕುರ್ಚಿ ಬಿಟ್ಟು ನನಗೇನೂ ಬರಲ್ಲ."

"ಹ್ಞೂಂ" ಅಂದ್ರು. ಹಲ್ಲಲ್ಲಿ ದಾರ ಕಡಿದು, "ನಾಳೆ ಬೇಗ ಏಳಿಸ್ಲಾ?"

ಮಾರ್ಚ್ 6, ಶುಕ್ರವಾರ

ಎಂಟೂಮುಕ್ಕಾಲಿಗೇ ಹೋದೆ. ಚೀಫ್, ಮಿಣುಕಪ್ಪ ಇಬ್ಬರನ್ನೂ ಕೂರಿಸ್ಕೊಂಡೆ. ಡಾಕ್ಟರ್ ಚೀಟಿ ಮೇಜಿನ ಮೇಲಿಟ್ಟೆ. ಬೇರೆ ಥರ ಶುರು ಮಾಡೋಕೆ ಬರಲಿಲ್ಲ.

"ವರದಿಯಿಂದ ನನ್ನ ಗುರುತು ತೆಗೀರಿ. ನನ್ನ ಕಣ್ಣು ಹಳದಿಯಾಗಿದೆ. 61 ಅನ್ನೋದು ನನ್ನ ಪೊರೆ, ಲೇಸರ್ ಅಲ್ಲ."

ಚೀಫ್ ಚೀಟಿ ಎರಡು ಸಲ ಓದಿದ್ರು. "ಇದರ ಮೇಲೆ ತಾರೀಕು ಫೆಬ್ರವರಿ 25 ಇದೆ."

"ಹೌದು ಸರ್."

"ಇವತ್ತು 6."

"ಹೌದು."

"ಮೊದಲೇ ಅನುಮಾನ ಬಂದಿತ್ತಾ?"

"ಫೆಬ್ರವರಿ 7ಕ್ಕೆ ಗೊತ್ತಾಯ್ತು."

ಮಿಣುಕಪ್ಪ ಕಿಟಕಿ ಕಡೆ ನೋಡ್ತಿದ್ದ. ಡಾಕ್ಟರ್ ಹೇಳಿದ ವರ್ಷಗಳ ಲೆಕ್ಕವನ್ನೂ ಹೇಳಿದೆ. ಚೀಫ್ ಧ್ವನಿ ಏರಿತು. ಮೂರು ನಾಲ್ಕು ವರ್ಷದಿಂದ ಅಂದ್ರೆ ನಡುವೆ ನಾನು ಪಾಸ್ ಮಾಡಿದ ಹನ್ನೊಂದು ಮಾಡೆಲ್? ಮನೆಮನೆಯಲ್ಲಿರೋ ಸೆಟ್‌ಗಳು? ಅದಕ್ಕೆಲ್ಲ ಯಾರು ಹೊಣೆ?

ಮಿಣುಕಪ್ಪ ತಿರುಗಿದ. "ಅವು ಸರಿಯಾಗೇ ಇವೆ ಸರ್."

"ನಿನಗೆ ಹೇಗೆ ಗೊತ್ತು?"

"ಆ ಮಾಡೆಲ್‌ಗಳೂ ಮಾಸ್ಟರ್ ಸೆಟ್ಟೂ ಒಂದೇ ಥರದ ಬೆಳಕು. ಹಳದಿ ಕನ್ನಡಕ ಹಾಕ್ಕೊಂಡು ಒಂದೇ ಬಟ್ಟೆ ಥಾನಿನ ಎರಡು ತುಂಡು ನೋಡಿದ ಹಾಗೆ. ಎರಡೂ ಒಂದೇ ರೀತಿ ಹಳದಿ, ಹೊಂದಿಕೆ ಕೆಡಲ್ಲ. ಲೇಸರ್ ಬಂದ ಮೇಲೇ ಕೆಟ್ಟಿದ್ದು." ಹೇಳ್ತಾ ನನ್ನ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅವನ ಹಿಂದೆ ಹೋದೆ. ಏನೋ ಹೇಳಬೇಕಿತ್ತು.

"ಮೊನ್ನೆ ಕ್ಯಾಂಟೀನ್‌ನಲ್ಲಿ ನಿಮ್ಮ ಹತ್ರ ತಪ್ಪಾಯ್ತು ಅಂದೆ ನಾನು" ಅಂದ. "ಆವಾಗಲೂ ಗೊತ್ತಿತ್ತು ನಿಮಗೆ."

"ಗೊತ್ತಿತ್ತು ಕಣೋ."

"ಒಂದು ತಿಂಗಳು, ಕಣ್ಣಕ್ಕಾ."

ಹೋದ. ಸರಿಯಾಗೇ ಹೇಳಿದ. 27 ದಿನ. ನಾನು ಎಣಿಸಿದೀನಿ.

ಮಾರ್ಚ್ 12, ಗುರುವಾರ

ವರದಿ ಹೋಯ್ತು. ಈ ಸಲ ಹನ್ನೆರಡು ಜನರ ನಡುವಿನ 52ನ್ನೇ ಗುರುತು ಮಾಡಿದ್ದಾರೆ. ಸರಾಸರಿ ದೂರ ಎರಡೂವರೆಯೂ ಇಲ್ಲ. ಪಾಸು. ವಾಚ್‌ಮನ್ ಒಬ್ಬರೇ ಎಂಟು ದೂರ. ಡ್ರೈವರ್ ಐದು. ಅಂದ್ರೆ ತೊಂದರೆ ಪೂರ್ತಿ ಹೋಗಿಲ್ಲ. ವಯಸ್ಸಾದವರ ಮನೆಯಲ್ಲಿ ಈ ಟಿವಿ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ವರದಿಯ ಕೊನೆಯಲ್ಲಿ ಮಿಣುಕಪ್ಪ ಅದನ್ನೂ ಬರೆದಿದ್ದಾನೆ. ಬರೀದೆ ಬಿಡಬಹುದಿತ್ತು.

ಕತ್ತಲೆ ಕೋಣೆ ಬೀಗದ ಕೈ ಒಪ್ಪಿಸಿದೆ. ಕಡತಗಳ ವಿಭಾಗದಲ್ಲಿ ಮೇಜು ಕೊಟ್ಟಿದ್ದಾರೆ, ಕಿಟಕಿ ಪಕ್ಕ. ಇಡೀ ದಿನ ಬಿಸಿಲು. ಮೂರು ಗಂಟೆಗೆ ತೂಕಡಿಕೆ ಬಂತು. ಯಾರೂ ಏನೂ ಅನ್ನಲ್ಲ. ಅನ್ನಲ್ಲ ಅನ್ನೋದೇ ಒಂದು ಥರ ಬೈದ ಹಾಗೆ.

ಕ್ಯಾಂಟೀನ್‌ನಾಕೆ ಮಾತ್ರ ಟೀ ತಂದಿಟ್ಟು, "ನಮ್ಮತ್ತೆಗೂ ಪೊರೆ ತೆಗೆಸಿದ್ವಿ. ಮನೆಗೆ ಬಂದೋರೇ ಅಡುಗೆಮನೆ ಇಷ್ಟು ಕೊಳಕಾಗಿ ಇಟ್ಕೊಂಡಿದೀಯಾ ಅಂತ ನನ್ನ ಬೈದ್ರು. ಯಾಕಾದ್ರೂ ತೆಗೆಸಿದ್ವೋ ಅನ್ನಿಸ್ತು" ಅಂದ್ಲು. ಎಷ್ಟೋ ದಿನಕ್ಕೆ ನಕ್ಕೆ.

ಏಪ್ರಿಲ್ 3, ಶುಕ್ರವಾರ

ನಿನ್ನೆ ಬಲಗಣ್ಣಿನ ಆಪರೇಷನ್. ಹದಿನೈದು ನಿಮಿಷ. ಇವತ್ತು ಪಟ್ಟಿ ಬಿಚ್ಚಿದ್ರು.

ಡಾಕ್ಟರ್ ಕೋಟು. ಅಷ್ಟು ಬಿಳಿ ಇರುತ್ತೆ ಅಂತ... ಬಿಳಿಯೊಳಗೆ ನೀಲಿ ನೆರಳು, ಮಡಿಕೆ ಮಡಿಕೆಯಲ್ಲೂ. ಕಣ್ಣು ಕೀಳದೆ ನೋಡ್ತಾ ಕೂತೆ. "ಏನಮ್ಮ, ನೋವಾ?" ಅಂದ್ರು. ಅಲ್ಲ ಅಂತ ತಲೆ ಆಡಿಸಿದೆ.

ಮನೆಗೆ ಬರೋ ದಾರಿ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ಒಂದು ತೆರೆದು ನೋಡ್ತಾ ಬಂದೆ. ಇವರು, "ಎದುರಿಗಿರೋ ಮನುಷ್ಯ ನಿನ್ನ ಬಗ್ಗೆ ಏನು ತಿಳ್ಕೋತಾನೆ? ಕಣ್ಣು ಹೊಡೀತಿದೀಯಾ ಅಂದ್ಕೋತಾನೆ, ಸುಮ್ಮನಿರು" ಅಂದ್ರು.

ಇಷ್ಟು ವರ್ಷ ಏನು ನೋಡಿ ಸರಿ ಸರಿ ಅಂದೆ ನಾನು.

ಏಪ್ರಿಲ್ 11, ಶನಿವಾರ

ಮಿಣುಕಪ್ಪನ ಫೋನು. ಒಂದು ತಿಂಗಳಾದ ಮೇಲೆ. ಹೇಗಿದೀರಿ ಇಲ್ಲ, ಏನಿಲ್ಲ. "ಇನ್ನೊಂದು ಕಣ್ಣು ಮಾಡಿಸಿಲ್ಲ ತಾನೆ?"

"ಇಲ್ಲ. ಮುಂದಿನ ತಿಂಗಳು."

"ಮಾಡಿಸಬೇಡಿ. ಅಂದ್ರೆ... ಇವತ್ತು ಮಾಡಿಸಬೇಡಿ. ಒಂದು ಗಂಟೆ ಬರ್ತೀರಾ?"

ಹೋದೆ. ಕತ್ತಲೆ ಕೋಣೆ. ಅದೇ ಕುರ್ಚಿ, ಯಾರೋ ಎತ್ತರ ಬದಲಾಯಿಸಿದ್ದಾರೆ. ಬಲಗಣ್ಣಿಗೆ ರಟ್ಟು ಹಿಡಿದು ಎಡಗಣ್ಣಲ್ಲಿ ತಿರುಗಿಸಿದೆ — 59. ಎಡಕ್ಕೆ ರಟ್ಟು, ಬಲಗಣ್ಣು — 50. ಹತ್ತು ಸಲ ಮಾಡಿಸಿದ. 59, 50. 59, 49. 60, 50.

ದೀಪ ಹಾಕಿ ನೆಲದ ಮೇಲೇ ಕೂತ. "ಹನ್ನೆರಡು ಜನರ ನಡುವೆ ಇರೋ ಹೆಚ್ಚುಕಮ್ಮಿ ಅಷ್ಟೂ ದೂರ ನಿಮ್ಮೊಬ್ಬರ ಮೂಗಿನ ಎರಡು ಕಡೆ ಇದೆ. ಲೆನ್ಸ್ ಒಂದೇ ಬದಲಾಗಿದ್ದು, ಉಳಿದದ್ದೆಲ್ಲ ಅದೇ ಮನುಷ್ಯ. ಅಂದ್ರೆ ಹೆಚ್ಚಿನ ಪಾಲು ಲೆನ್ಸಿನ ಹಳದಿಯದ್ದು. ಅಂದಾಜು ಮಾಡಬಹುದು ಕಣ್ಣಕ್ಕಾ. ಟಿವಿ ಹಾಕಿದ ಮೊದಲ ದಿನ ಎರಡು ಬಿಳಿ ತೋರಿಸಿ, ಹೊಂದಿಸಿ ಅಂತ ಕೇಳಿದ್ರೆ..."

"ಪ್ರತಿಯೊಬ್ಬರೂ ತಮ್ಮ ಬಿಳಿ ತಾವೇ ಇಟ್ಕೋಬೇಕು."

"ಹ್ಞಾಂ!"

"ಅಜ್ಜಿ, ಮೊಮ್ಮಗಳು ಒಟ್ಟಿಗೆ ಕೂತು ನೋಡಿದ್ರೆ?"

ತಲೆ ಕೆರ್ಕೊಂಡ. "ಅಲ್ಲಿ ರಿಮೋಟ್‌ಗೆ ಜಗಳ ಆಡ್ತಾರೆ. ಈಗೇನು ಆಡಲ್ವಾ?"

ನಕ್ವಿ. ಬಾಗಿಲವರೆಗೂ ಬಿಟ್ಟ. "ಕೋಪ ಹೋಗಿಲ್ಲ ನನಗೆ" ಅಂದ. "ಗೊತ್ತು" ಅಂದೆ. ಕೈಗೆ ಛತ್ರಿ ಕೊಟ್ಟ, ಮರೆತು ಹೊರಟಿದ್ದೆ.

ಏಪ್ರಿಲ್ 28, ಮಂಗಳವಾರ

ತೀರ್ಮಾನ ಬಂತು. ಮನೆಗೆ ಮಾರೋ ಲೇಸರ್ ಟಿವಿ ಸದ್ಯಕ್ಕಿಲ್ಲ. ಮಾಮೂಲಿ ಪ್ಯಾನೆಲ್‌ಗಳ ಜೊತೆ ಈಗ ಸೆಣಸೋಕಾಗಲ್ಲ ಅಂದ್ರಂತೆ. ಸಭಾಂಗಣ, ಕಾಲೇಜು, ದೊಡ್ಡ ಪರದೆ — ಅಲ್ಲಿಗೆ ಈ ಪೆಟ್ಟಿಗೆ ಹೋಗುತ್ತೆ. ಬಿಳಿ ಹೊಂದಿಸೋ ಕೆಲಸಕ್ಕೆ ಒಂದು ವರ್ಷ ಕೊಟ್ಟಿದ್ದಾರೆ. ಆಮೇಲೆ ಮನೆಯದ್ದರ ಬಗ್ಗೆ ಮತ್ತೆ ಯೋಚಿಸ್ತಾರಂತೆ. ಮೂವತ್ತೊಂದರಲ್ಲಿ ಹತ್ತೊಂಬತ್ತು ಜನ ಉಳಿದ್ರು. ಹನ್ನೆರಡು ಜನ ಬೇರೆ ವಿಭಾಗಕ್ಕೆ. ಯಾರನ್ನೂ ಮನೆಗೆ ಕಳಿಸಲಿಲ್ಲ, ಅದೇ ಸಮಾಧಾನ.

ಗೆದ್ವಾ ಸೋತ್ವಾ ಅಂತ ಮಿಣುಕಪ್ಪನ್ನ ಕೇಳಿದೆ. "ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೆಲಸ ಇದೆ" ಅಂದ. ಇವತ್ತು ಗಡ್ಡ ಬೋಳಿಸಿದ್ದ.

ಚೀಫ್ ಕರೆದ್ರು. ಬೇರೆ ಬೇರೆ ವಯಸ್ಸಿನ ಅರವತ್ತು ಜನರನ್ನ ಆರಿಸಿ, ಕೂರಿಸಿ, ಅವರ ಬಿಳಿ ಬರ್ಕೊಳ್ಳೋ ಕೆಲಸ. ಮಾಡ್ತೀರಾ, ಇಲ್ಲಾ ಬೇಗ ನಿವೃತ್ತಿ ತಗೋತೀರಾ? ನಾನು ನೋಡೋ ಹಾಗಿಲ್ಲ, ನೋಡೋರನ್ನ ನೋಡಬೇಕು. ಕಡತ ಮುಚ್ಚಿ, "ಆ ಮಾತು ನನ್ನದಲ್ಲ, ನಿಮ್ಮದು — ಮನೇಲಿ ನೋಡೋದು ಮೀಟರ್ ಅಲ್ಲ ಅನ್ನೋದು. ವರದಿಯಲ್ಲಿ ನಿಮ್ಮ ಹೆಸರಲ್ಲೇ ಹಾಕಿಸಿದೀನಿ" ಅಂದ್ರು.

ಮಾಡ್ತೀನಿ ಅಂದೆ. ಖುಷಿಗಲ್ಲ. ಮನೇಲಿ ಕೂತು ಏನು ಮಾಡಲಿ.

ಮೇ 9, ಶನಿವಾರ. ಬೆಳಿಗ್ಗೆ 7.20

ಇವತ್ತು ಎಡಗಣ್ಣು. ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ಬ್ಯಾಗ್ ಬಾಗಿಲಲ್ಲಿದೆ. ತಿಂಡಿ ತಿನ್ನೋ ಹಾಗಿಲ್ಲ, ಮಾಡೋಕೆ ಬೇರೆ ಕೆಲಸ ಇಲ್ಲ, ಅದಕ್ಕೇ ಬರೀತಿದೀನಿ.

ಇವರು ಎದುರಿಗೆ ಕುರ್ಚಿಯಲ್ಲಿ, ಸ್ನಾನ ಮಾಡಿ ತಲೆ ಬಾಚ್ಕೊಂಡು, ಟ್ಯಾಕ್ಸಿಗೆ ಕಾಯ್ತಾ ಕೂತಿದ್ದಾರೆ. ಕಿಟಕಿ ಬೆಳಕು ತಲೆ ಮೇಲೆ ಬಿದ್ದಿದೆ. ಕೂದಲು ಅಷ್ಟೂ ಬಿಳಿ. ಬಲಗಣ್ಣಲ್ಲಿ ನೋಡಿದ್ರೆ ಒಂದೆಳೆ ಬೇರೆ ಬಣ್ಣ ಇಲ್ಲ. ಕಣ್ಣ ಕೆಳಗೆ ಚರ್ಮ ನೀಲಿಗಟ್ಟಿದೆ. ಯಾವಾಗ ಇಷ್ಟು ಸುಸ್ತಾದ್ರು ಇವರು? ನನ್ನ ಎದುರಿಗೇ ಆಗಿರಬೇಕು.

ಎಡಗಣ್ಣಲ್ಲಿ ಇನ್ನೂ ಹಾಗಿಲ್ಲ. ಎಡಗಣ್ಣಲ್ಲಿ ಕೂದಲು ಗೋಧಿ ಬಣ್ಣ, ಮುಖದ ಮೇಲೆ ಸಂಜೆ ಬಿಸಿಲಿನ ಥರ ಏನೋ ಇದೆ. ನಾಲ್ಕು ವರ್ಷದಿಂದ ಈ ಮುಖಾನೇ ನೋಡ್ತಾ ಬಂದಿದೀನಿ.

"ಏನೇ ಅದು, ಬರೀತಾ ಬರೀತಾ ನನ್ನ ಮುಖ ನೋಡ್ತೀಯ?"

"ಏನಿಲ್ಲ. ಅಲ್ಲಾಡಬೇಡಿ."

"ಫೋಟೋ ತೆಗೀತೀಯೇನು?"

ಹಾರ್ನ್ ಕೇಳಿಸ್ತು. ಏಳ್ತಿದ್ದಾರೆ. ಕೂತ್ಕೊಳ್ರೀ ಒಂದು ನಿಮಿಷ ಅಂದೆ. ಕೂತ್ರು. ಬಲಗಣ್ಣು ಮುಚ್ಚಿ, ಇನ್ನೊಂದು ಸಲ ಆ ಗೋಧಿ ಬಣ್ಣದ ಕೂದಲು ನೋಡ್ಕೊಂಡೆ.